ಉದುರು ಹಣ್ಣು ಹೆಕ್ಕಿದ ಕೈಗಳಿಗೆ

ರೊಬಸ್ಟಾ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಹರವಿದ ಕೊನೆಯ ಚೆರಿಯೂ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ಒಣಗಿ ಚೀಲ ಸೇರಿದೆ. ಈ ಸಲ ಕಾಯಿ ಕೊರೆದು ಒಳಸೇರುವ ಪುಟ್ಟ ದುಂಬಿ, ಕಾಯಿಕೊರಕ, ಹತೋಟಿಗೆ ಬಂತು. ಹುಳು ಕೊಲ್ಲುವ ಶಿಲೀಂಧ್ರ ಬ್ಯುವೇರಿಯಾ ಹೊಡೆದದ್ದರಿಂದ ಹೀಗಾಯಿತು ಎಂದು ಸುತ್ತಮುತ್ತ ಎಲ್ಲರೂ ಹೇಳುತ್ತಿದ್ದಾರೆ. ಆ ಶಿಲೀಂಧ್ರಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ನಮ್ಮ ಬೆಳೆಗಾರರ ಗುಂಪಿನ ಮೊದಲ ನಮಸ್ಕಾರ ಮಾತ್ರ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರು ಹಣ್ಣು ಹೆಕ್ಕಿದ ಹೆಂಗಸರಿಗೆ.

ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡ ಈ ಹುಳು ಬೇಸಗೆ ಕಳೆಯುವುದು ನೆಲಕ್ಕೆ ಬಿದ್ದ, ಗಿಡದಲ್ಲೇ ಉಳಿದ ಒಣ ಕಾಯಿಗಳಲ್ಲಿ. ಅಂಥ ಒಂದೇ ಕಾಯಿಯಲ್ಲಿ ತಾಯಿ, ಮೊಟ್ಟೆ, ಮರಿಹುಳು, ಕೋಶ ಎಲ್ಲ ಸಿಗುತ್ತವೆ. ಮಳೆಯ ತೇವ ತಾಗಿದೊಡನೆ ಹೆಣ್ಣುಗಳು ಹೊಸ ಕಾಯಿ ಹುಡುಕಿ ಹೊರಡುತ್ತವೆ. ಕಾಯಿಯೊಳಗೆ ಸೇರಿಕೊಂಡ ಹುಳುವಿನವರೆಗೆ ಹೊರಗಿನಿಂದ ಹೊಡೆದ ಶಿಲೀಂಧ್ರದ ಬೀಜಾಣು ತಲುಪುವುದು ಕಷ್ಟ, ಕೈಯೇ ತಲುಪಬೇಕು. ಕೊರೆದ ಹಣ್ಣನ್ನು ಬೇರೆ ಮಾಡಿ, ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದವರಿಗೂ, ಚೆರಿಯ ತೇವಾಂಶ ಶೇ. 11ಕ್ಕೆ ಇಳಿಯುವವರೆಗೆ ಚೀಲ ಕಟ್ಟಲು ಬಿಡದ, ಕಣದ ಲೆಕ್ಕ ನೋಡುವ ರೈಟರಿಗೂ ನಾವು ಋಣಿ.

ಹೂವಾದ 120ರಿಂದ 150 ದಿನಕ್ಕೆ ಬೀಜ ಗಟ್ಟಿಯಾಗುತ್ತದೆ, ಹೆಣ್ಣು ಹುಳು ಕಾಯಿಯ ತುದಿಯ ಹೊಕ್ಕುಳು ಕೊರೆಯಲು ಕೂರುವುದು ಆಗಲೇ. ಶಿಲೀಂಧ್ರಕ್ಕೆ ಸಿಗುವ ಅವಕಾಶವೂ ಅಷ್ಟೇ. ನಮ್ಮಲ್ಲಿ ಅದು ಸರಿಯಾಗಿ ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಬಂದು ಬೀಳುತ್ತದೆ. ದಿನ ಎಣಿಸಲು ಹೇಳಿಕೊಟ್ಟ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ವಿಜ್ಞಾನಿಗಳಿಗೆ, ಮಳೆ ಬಿಟ್ಟು ಹೊಳವಾದ ಸಂಜೆಗಳಿಗೆ ಕಾದು ಪಂಪು ಹೊತ್ತವರಿಗೆ ವಂದನೆ. ಬಿರುಬಿಸಿಲಿಗೆ ಬೀಜಾಣು ಸಾಯುತ್ತದೆ, ಜಡಿಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಸಂಜೆಯೇ ಬೇಕು.

ಅಳತೆಯಲ್ಲಿ ಬಹಳ ಮಂದಿ ಎಡವುತ್ತಾರೆ. ದ್ರಾವಣದ ಒಂದು ಮಿಲಿಯಲ್ಲಿ ಒಂದು ಕೋಟಿ ಬೀಜಾಣು ಇರಬೇಕು. ಪುಡಿಯಲ್ಲಿ ಗ್ರಾಮಿಗೆ ನೂರು ಕೋಟಿ ಇದ್ದರೆ 200 ಲೀಟರ್ ಬ್ಯಾರೆಲ್ಲಿಗೆ 2 ಕೆಜಿ ಸಾಕು. ಪೊಟ್ಟಣದ ಮೇಲೆ ಗ್ರಾಮಿಗೆ ಹತ್ತು ಕೋಟಿ ಎಂದಿದ್ದರೆ ಅದೇ 2 ಕೆಜಿಯಲ್ಲಿ ಬೇಕಾದ ಬೀಜಾಣುವಿನ ಹತ್ತನೇ ಒಂದು ಪಾಲು ಮಾತ್ರ ಇರುತ್ತದೆ. ಇದರ ಜೊತೆ 200 ಮಿಲಿ ಸೂರ್ಯಕಾಂತಿ ಎಣ್ಣೆ, ಅಷ್ಟೇ ಅಂಟುದ್ರವ. ಬೋರ್ಡೋ ಎಂಬ ತಾಮ್ರದ ದ್ರಾವಣ ಹೊಡೆದ ಪಂಪನ್ನು ತೊಳೆಯದೆ ಬಳಸಿದರೆ ಉಳಿದ ತಾಮ್ರವೇ ಬೀಜಾಣುವನ್ನು ಕೆಡಿಸುತ್ತದೆ. ಪ್ರತಿ ಪಂಪನ್ನೂ ಮೂರು ಸಲ ತೊಳೆಸಿದವರ ಹಟ ದೊಡ್ಡದು.

ನುಚ್ಚಕ್ಕಿಯಲ್ಲಿ ಶಿಲೀಂಧ್ರ ಬೆಳೆಸಿಕೊಟ್ಟ ಅಕ್ಕಂದಿರ ಶಿಸ್ತನ್ನು ಎಷ್ಟು ಹೇಳಿದರೂ ಕಡಿಮೆ. ಅಕ್ಕಿ ನೆನೆದು ಬಿಡಿಬಿಡಿಯಾಗಿರಬೇಕು, ಮುದ್ದೆಯಾದರೆ ಒಳಗೆ ಗಾಳಿ ಆಡದೆ ಹುಳಿ ವಾಸನೆ ಬರುತ್ತದೆ. ಕುಕ್ಕರಿನಲ್ಲಿ ಪೂರ್ತಿ ಒತ್ತಡ ಏರಿದ ಮೇಲೆ ಅರ್ಧ ಗಂಟೆ, ಆರಿದ ಮೇಲೆ ಬೀಜಾಣು, ನಂತರ 25 ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ. ಹಸಿರೋ ಕಪ್ಪೋ ಚುಕ್ಕೆ ಕಂಡ ಚೀಲವನ್ನು ಅವರು ಬಿಚ್ಚದೆಯೇ ಹೊರಗೆ ಹಾಕಿದರು. ಒಂದನ್ನೂ "ಇರಲಿ ಬಿಡಿ" ಎನ್ನಲಿಲ್ಲ.

ಹೊಡೆದ ಮೇಲೆ ಪರೀಕ್ಷೆ. ಹೊಡೆದ ಸಾಲಿನ ಇಪ್ಪತ್ತು ಕೊರೆದ ಕಾಯಿ ಒಂದು ಡಬ್ಬಿಗೆ, ಹೊಡೆಯದ ಸಾಲಿನ ಇಪ್ಪತ್ತು ಇನ್ನೊಂದಕ್ಕೆ, ಎರಡರಲ್ಲೂ ಒದ್ದೆ ಹತ್ತಿ. ವಾರದೊಳಗೆ ಮೊದಲ ಡಬ್ಬಿಯ ಕಾಯಿಗಳ ಹೊಕ್ಕುಳಲ್ಲಿ, ಅರ್ಧ ಮೈ ತೂರಿಸಿ ಸತ್ತ ಒಂದೂವರೆ ಮಿಲಿಮೀಟರಿನ ಕರಿ ದುಂಬಿಯ ತುದಿಗೆ ರವೆಕಾಳಿನಷ್ಟು, ಹತ್ತಿಯಂಥ ಬೆಳ್ಳನೆಯ ಶಿಲೀಂಧ್ರ ಅರಳಿತ್ತು. ಎರಡನೇ ಡಬ್ಬಿ ಇಲ್ಲದಿದ್ದರೆ ಅದು ನಾವು ಹೊಡೆದದ್ದೋ ತೋಟದಲ್ಲೇ ಇದ್ದದ್ದೋ ಎಂದು ಹೇಳುವಂತಿರಲಿಲ್ಲ. ದಿನವೂ ಎರಡನ್ನೂ ನೋಡಿ ಬರೆದಿಟ್ಟ ಮಕ್ಕಳಿಗೆ ಪ್ರೀತಿ.

ರೊಬಸ್ಟಾ ರೆಂಬೆಯಲ್ಲಿ ಸಣ್ಣ ತೂತು ಕೊರೆಯುವ ಶಾಟ್ ಹೋಲ್ ಬೋರರ್ ದುಂಬಿ ಕೂಡ ಇದೇ ತೊಗಟೆ ಕೊರಕಗಳ ಬಳಗ. ಅದು ತನ್ನ ಶಿಲೀಂಧ್ರವನ್ನು ತಾನೇ ಹೊತ್ತು ತಂದು ರೆಂಬೆಯೊಳಗೆ ಬೆಳೆಸುತ್ತದೆ, ಮರಿಗಳು ತಿನ್ನುವುದು ಅದನ್ನೇ. ಅಲ್ಲಿ ಕತ್ತಿಯೇ ಮದ್ದು. ತೂತಿನಿಂದ ಎರಡು ಮೂರು ಇಂಚು ಕೆಳಗೆ ಕತ್ತರಿಸಿ, ಸಾಲಿನಲ್ಲಿ ಬಿಡದೆ ಹೊರಗೆ ತಂದು ಸುಟ್ಟ ಹುಡುಗರಿಗೂ ಧನ್ಯವಾದ.

ಬೇಲಿಯಾಚೆಯ ತೋಟದವರು ನಮ್ಮ ಜೊತೆಗೇ, ಅದೇ ವಾರ, ಉದುರು ಹಣ್ಣು ಹೆಕ್ಕಿಸಿದರು. ಹುಳು ಹಾರಿ ಬರುವುದು ಅಲ್ಲಿಂದಲೂ ತಾನೆ. ಮುಂದಿನ ಸಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ತಾರೀಖನ್ನು ಅವರೂ ನಾವೂ ಒಂದೇ ಪುಸ್ತಕದಲ್ಲಿ ಬರೆಯುತ್ತೇವೆ.