ಹಳೆಯ ಬ್ಯಾಟರಿಗೆ ಸಂಗ್ರಹ ಕೇಂದ್ರ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕರೆಂಟು ಕೈಕೊಡುವ ಉಡುಪಿಯಲ್ಲಿ ಬಹಳಷ್ಟು ಮನೆಗಳು ಇನ್ವರ್ಟರನ್ನೇ ನಂಬಿವೆ. ಆಯುಸ್ಸು ಮುಗಿದ ಸೀಸ-ಆಮ್ಲ ಬ್ಯಾಟರಿಯನ್ನು ಗುಜರಿಯಲ್ಲಿ ಒಡೆದು ಆಮ್ಲವನ್ನು ನೆಲಕ್ಕೆ ಸುರಿದರೆ, ಅದರೊಂದಿಗೆ ಸೇರಿದ ಸೀಸದ ಅಂಶವು ನಾವು ಕುಡಿಯುವ ಬಾವಿಯ ನೀರಿಗೂ ಇಳಿಯಬಹುದು. ಸೀಸವು ವಿಶೇಷವಾಗಿ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಆದರೆ ಇದೇ ಸೀಸವನ್ನು ಕರಗಿಸಿ, ಶುದ್ಧೀಕರಿಸಿ ಹೊಸ ಬ್ಯಾಟರಿಯ ಫಲಕಗಳಿಗೆ ಮತ್ತೆ ಮತ್ತೆ ಬಳಸಲು ಸಾಧ್ಯವಿದೆ. ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿಗಳಲ್ಲಿರುವ ಲಿಥಿಯಂ, ಕೆಲವು ಬಗೆಗಳಲ್ಲಿರುವ ಕೋಬಾಲ್ಟ್ ಮತ್ತು ನಿಕ್ಕಲ್ ಕೂಡ ಹಾಗೆಯೇ ಮರಳಿ ಪಡೆಯಬಹುದಾದ ಅಮೂಲ್ಯ ವಸ್ತುಗಳು. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅವರೊಂದಿಗೆ ಮಾತನಾಡಿ ಸ್ಥಳೀಯಾಡಳಿತವು ವಾರ್ಡಿಗೊಂದು ಸಂಗ್ರಹ ಕೇಂದ್ರವನ್ನು ಶೀಘ್ರವಾಗಿ ತೆರೆಯಬೇಕೆಂದು ಕಳಕಳಿಯ ವಿನಂತಿ.

— ಓರ್ವ ಓದುಗ, ಉಡುಪಿ