ಗದುಗಿನ ಅಜ್ಜಾರನ್ನು ಮಾಸ್ತರಾಗಿಯೂ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆ ಗದುಗಿನ ಅಜ್ಜಾರು ಅಂತ ಕರೆಯೋ ಸಂಗೀತಗಾರ ಪುಟ್ಟರಾಜ ಗವಾಯಿಗಳ ಪುಣ್ಯತಿಥಿಗೆ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಲೇಖನ ಬಂದಿತ್ತು. ಫೋಟೊ ಚೆನ್ನಾಗಿತ್ತು. ಆದರೆ ಓದಿ ಮುಗಿಸಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲು ಒಂದು ತಪ್ಪು ತಿದ್ದಿಬಿಡ್ತೀನಿ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಸಂಗೀತ ಕಲಿಸೋ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜರು ಸ್ಥಾಪಿಸಿದರು ಅಂತ ಬರೆದಿದ್ದೀರಿ. ಶುರು ಮಾಡಿದವರು ಅವರ ಗುರು ಪಂಚಾಕ್ಷರಿ ಗವಾಯಿಗಳು, 1914ರಲ್ಲಿ. ಪುಟ್ಟರಾಜರು ಹುಟ್ಟಿದ್ದೇ ಅದೇ ವರ್ಷದ ಮಾರ್ಚ್ 3ಕ್ಕೆ, ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ. ಅಂದರೆ ಶಾಲೆ ಶುರುವಾದ ವರ್ಷ ಅವರಿನ್ನೂ ತೊಟ್ಟಿಲಲ್ಲಿದ್ದರು!

ಇದು ಸಣ್ಣ ವಿಷಯ, ಮುದ್ರಣದಲ್ಲಿ ಆಗುತ್ತೆ. ನನಗೆ ಬೇಜಾರಾದದ್ದು ಬೇರೆ. ಇಡೀ ಲೇಖನದಲ್ಲಿ ನಡೆದಾಡುವ ದೇವರು ಅನ್ನೋದು ಬಂತು, ತುಲಾಭಾರ ಬಂತು, 2010ರ ಪದ್ಮಭೂಷಣ ಬಂತು, ಅಂತ್ಯಕ್ರಿಯೆಗೆ ಸೇರಿದ ಜನಸಾಗರ ಬಂತು. ಅವರು ಪಾಠ ಹೇಳುತ್ತಿದ್ದರು ಅನ್ನೋದೇ ಬರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ ಹೆಗಲಿಗೆ ಬಂತು, 2010ರ ಸೆಪ್ಟೆಂಬರ್ 17ಕ್ಕೆ ಕಣ್ಮುಚ್ಚುವ ತನಕ ಅದನ್ನು ಇಳಿಸಲಿಲ್ಲ. 66 ವರ್ಷ! ಅಷ್ಟು ವರ್ಷ ಒಂದೇ ಶಾಲೆಗೆ ಹೆಡ್ ಮಾಸ್ತರಾಗಿದ್ದವರ ಬಗ್ಗೆ ಬರೆಯುವಾಗ ಪಾಠದ ವಿಷಯ ಬೇಡವಾ?

ನಾನು ಕುಕನೂರು ಕಡೆಯವನು. ಕಿರಾಣಿ ಅಂಗಡಿ ಇದೆ. ಸಂಜೆ ಭಜನಾ ಸಂಘದಲ್ಲಿ ತಬಲಾ ನುಡಿಸ್ತೀನಿ, ಅದೂ ಅಷ್ಟಕ್ಕಷ್ಟೇ. ಕಲಿಸಿದವರು ಆಶ್ರಮದಲ್ಲಿ ಓದಿ ಬಂದ ಅಂಧ ಮಾಸ್ತರು. ಪಾಠಕ್ಕೆ ಪಟ್ಟಿ ಪೆನ್ನು ತಗೊಂಡು ಹೋದ ಮೊದಲ ದಿನ, ಅದನ್ನ ಮನೇಲಿಟ್ಟು ಬಾ ಅಂದಿದ್ದರು. ನಾನು ಪಟ್ಟಿ ತಂದಿದ್ದು ಅವರಿಗೆ ಹೇಗೆ ಗೊತ್ತಾಯಿತು ಅಂತ ಆವತ್ತು ಗಾಬರಿಯಾಗಿತ್ತು, ಹಾಳೆ ತಿರುವಿದ ಸದ್ದು ಕೇಳಿರಬೇಕು ಅಂತ ಆಮೇಲೆ ಹೊಳೆಯಿತು. ಮೂರು ತಿಂಗಳು ಬಾಯಲ್ಲೇ ಬೋಲ್, ಅಂದರೆ ತಬಲಾದ ನುಡಿ, ಹೇಳಿಸಿದರು. ಧಾ ಧಿನ್ ಧಿನ್ ಧಾ, ಕೈಯಲ್ಲಿ ತಾಳ. ಬಾಯಲ್ಲಿ ತಪ್ಪಿಲ್ಲದೆ ಬಂದಮೇಲೇ ತಬಲಾ ಮುಟ್ಟೋಕೆ ಬಿಟ್ಟಿದ್ದು. ಆಗ ಸಿಟ್ಟು ಬರ್ತಿತ್ತು. ಈಗ ಮೂವತ್ತು ವರ್ಷದ ಮೇಲೂ ಕರೆಂಟ್ ಹೋದರೆ ನನ್ನ ತಾಳ ತಪ್ಪಲ್ಲ, ಪುಸ್ತಕ ನೋಡಿ ಕಲಿತ ಗೆಳೆಯರದ್ದು ತಪ್ಪುತ್ತೆ.

ಹಾರ್ಮೋನಿಯಂ ಕಲಿಸೋದನ್ನೂ ಪಕ್ಕದಲ್ಲೇ ಕೂತು ನೋಡಿದೀನಿ. ಹುಡುಗನ ಕೈ ಮೇಲೆ ತಮ್ಮ ಕೈ ಇಟ್ಟು ಮನೆಗಳನ್ನು, ಅಂದರೆ ಬೆರಳಲ್ಲಿ ಒತ್ತೋ ಪಟ್ಟಿಗಳನ್ನು, ಸವರಿಸುತ್ತಿದ್ದರು. ಕರಿ ಮನೆಗಳು ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಅಂತ ಗುಂಪಾಗಿ ಇರ್ತವಲ್ಲ, ಅದೇ ಗುರುತು. ಬೆರಳಿಗೆ ಆ ಗುಂಪು ಸಿಕ್ಕರೆ ಸಾ ಎಲ್ಲಿ ಹಿಡಿಯಬೇಕು ಅಂತ ಕಣ್ಣಿಲ್ಲದೇ ಗೊತ್ತಾಗುತ್ತೆ. ನಾನು ಕಣ್ಣಿದ್ದವನು, ಆ ಗುಂಪನ್ನ ಅವತ್ತಿನ ತನಕ ಗಮನಿಸಿರಲೇ ಇಲ್ಲ.

ಈ ಪದ್ಧತಿ ನಮ್ಮ ಮಾಸ್ತರು ತಾವೇ ಕಂಡುಹಿಡಿದದ್ದಲ್ಲ, ಆಶ್ರಮದಿಂದ ತಂದದ್ದು. ಅಲ್ಲಿ ಕಲಿಸುವವರಿಗೂ ಕಣ್ಣಿರಲಿಲ್ಲ, ಕಲಿಯುವವರಲ್ಲೂ ಎಷ್ಟೋ ಜನರಿಗೆ ಇರಲಿಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು, ಹುಟ್ಟು ಅಂಧರು. ಹಾನಗಲ್ ಕುಮಾರ ಸ್ವಾಮಿಗಳು ಅವರ ಕಂಠ ಕೇಳಿ ಸಂಗೀತಕ್ಕೆ ಹಚ್ಚಿದರು. ಮೈಸೂರಲ್ಲಿ ಕರ್ನಾಟಕ ಸಂಗೀತ, ಮಿರಜಿನ ನೀಲಕಂಠ ಬುವಾ ಅವರ ಹತ್ತಿರ ಹಿಂದೂಸ್ತಾನಿ, ಎರಡನ್ನೂ ಕಲಿತರು. ಆಮೇಲೆ ಹುಡುಗರನ್ನು ಕಟ್ಟಿಕೊಂಡು ಊರಿಂದ ಊರಿಗೆ, ಮಠದಿಂದ ಮಠಕ್ಕೆ ತಿರುಗುತ್ತಾ ಪಾಠ ಹೇಳಿದರು. 1914ರಲ್ಲಿ ಶುರುವಾದ ಆ ಶಾಲೆ ಗದುಗಿನಲ್ಲಿ ನೆಲೆ ನಿಂತದ್ದು ಆಮೇಲೆ. ಪುಟ್ಟರಾಜರೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು, ಸೋದರಮಾವನ ಆಸರೆಯಲ್ಲಿ ಬೆಳೆದವರು. ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಎಲ್ಲಾ ಬರುತ್ತಿತ್ತು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು.

ದೊಡ್ಡ ಶಿಷ್ಯರ ಹೆಸರು ಎಲ್ಲರಿಗೂ ಗೊತ್ತು. ಪಂಚಾಕ್ಷರಿ ಗವಾಯಿಗಳ ಹತ್ತಿರ ಕಲಿತ ಬಸವರಾಜ ರಾಜಗುರು, ನಮ್ಮ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ. ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿದೆ, ಅಲ್ಲಿ ಕಾರ್ಯಕ್ರಮಕ್ಕೆ ಹೋಗೋ ಹುಡುಗರಿಗೆ ಅವರು ಯಾರು ಅಂತ ಕೇಳಿ ನೋಡಿ, ಉತ್ತರ ಸಿಗೋದು ಕಷ್ಟ. ವಚನಗಳನ್ನು ರಾಗದಲ್ಲಿ ಕೂರಿಸಿ ಹಾಡಿ ಮನೆಮನೆಗೆ ಮುಟ್ಟಿಸಿದ ದನಿ ಅದು. ಪುಟ್ಟರಾಜರ ಶಿಷ್ಯರಲ್ಲಿ ವೆಂಕಟೇಶಕುಮಾರ್ ಬಳ್ಳಾರಿ ಕಡೆಯ ಲಕ್ಷ್ಮೀಪುರದವರು. ತಂದೆ ಜಾನಪದ ಹಾಡುಗಾರರು, ತೊಗಲುಗೊಂಬೆ ಆಡಿಸುತ್ತಿದ್ದವರು. 1968ರಲ್ಲಿ ಆಶ್ರಮ ಸೇರಿದ ಹುಡುಗ 12 ವರ್ಷ ಅಲ್ಲೇ ಇದ್ದು ಕಲಿತ. ಇವತ್ತು ಅವರ ಹಾಡು ದೇಶಕ್ಕೆಲ್ಲ ಗೊತ್ತು.

ಆದರೆ ನಾನು ಮಾಸ್ತರನ್ನ ಅಳೆಯೋದು ಮೊದಲ ಬೆಂಚಿನವರಿಂದ ಅಲ್ಲ. ಅಂಥ ಕಂಠ ಎಲ್ಲಿ ಹೋದರೂ ಏನಾದರೂ ಮಾಡಿಕೊಳ್ಳುತ್ತಿತ್ತೇನೋ. ದನಿ ಸಾಧಾರಣ, ಮನೆಯಲ್ಲಿ ಬಡತನ, ಮೇಲೆ ಕಣ್ಣೂ ಇಲ್ಲ, ಅಂಥ ಹುಡುಗ ಏನಾದ? ಅದನ್ನ ನೋಡಬೇಕಾದರೆ ಶ್ರಾವಣದಲ್ಲಿ ನಮ್ಮ ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಿಗೆ ಬನ್ನಿ. ಮಠದಲ್ಲಿ ತಿಂಗಳಿಡೀ ಪುರಾಣ ನಡೀತದೆ. ಪುರಾಣ ಹೇಳುವ ಶಾಸ್ತ್ರಿಗಳ ಬದಿಗೆ ಒಬ್ಬ ಗವಾಯಿ ಹಾರ್ಮೋನಿಯಂ ಹಿಡಿದು ಕೂತಿರ್ತಾನೆ, ಇನ್ನೊಬ್ಬ ತಬಲಾಕ್ಕೆ. ಕೇಳಿದರೆ ಗದುಗಿನ ಆಶ್ರಮದಲ್ಲಿ ಕಲಿತವನೋ, ಅಲ್ಲಿ ಕಲಿತವರ ಹತ್ತಿರ ಕಲಿತವನೋ ಆಗಿರುವುದು ಜಾಸ್ತಿ. ಕೆಲವರು ಹೈಸ್ಕೂಲಿನಲ್ಲಿ ಸಂಗೀತ ಮಾಸ್ತರಾದರು. ಕೆಲವರು ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ಒತ್ತಿದರು. ನಮ್ಮ ಮಾಸ್ತರು ಪುರಾಣದ ಸಂಭಾವನೆಯಲ್ಲೂ ಮನೆಪಾಠದಲ್ಲೂ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ರೇಡಿಯೋದಲ್ಲಿ ಒಮ್ಮೆಯೂ ಹಾಡಲಿಲ್ಲ. ಆ ಕೊರಗು ಅವರಿಗಿತ್ತು, ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಯಾರ ಮುಂದೂ ಕೈ ಚಾಚಲಿಲ್ಲ.

ನಮ್ಮ ಕಡೆ ಕಣ್ಣಿಲ್ಲದ ಮಗು ಹುಟ್ಟಿದರೆ ಗದುಗಿಗೆ ಬಿಟ್ಟು ಬನ್ನಿ ಅನ್ನೋ ಮಾತು ಹಿಂದೆ ಸಾಮಾನ್ಯವಾಗಿತ್ತು. ಆ ಮಾತಿನಲ್ಲಿ ಧೈರ್ಯ ಇತ್ತು. ಜಾತಿ ಕೇಳಲ್ಲ, ಫೀಸು ಇಲ್ಲ, ಊಟ ವಸತಿ ಅಲ್ಲೇ.

ತುಲಾಭಾರದ ಸುದ್ದಿಯೂ ಇದಕ್ಕೇ ಸೇರಬೇಕು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲೂ ಆಗಿತ್ತು. ತಕ್ಕಡಿಯ ಒಂದು ಕಡೆ ಅಜ್ಜಾರು, ಇನ್ನೊಂದು ಕಡೆ ನಾಣ್ಯದ ಚೀಲ, ನಮ್ಮವ್ವ ಸೆರಗಿನ ಗಂಟಿನಿಂದ ಎಂಟಾಣೆ ತೆಗೆದು ಹಾಕಿದ್ದು ನನಗೆ ನೆನಪಿದೆ. ಆ ದುಡ್ಡು ಆಶ್ರಮದ ಹುಡುಗರ ರೊಟ್ಟಿಗೆ ಹೋಗುತ್ತಿತ್ತು. ಆಶ್ರಮದವರು ನಾಟಕ ಕಂಪನಿ ನಡೆಸಿದ್ದೂ ಅದಕ್ಕೇ. ಕಲಿತ ಹುಡುಗರಿಗೆ ರಂಗದ ಮೇಲೆ ಕೆಲಸ, ಬಂದ ಕಲೆಕ್ಷನ್ ಕಲಿಯೋ ಹುಡುಗರ ಊಟಕ್ಕೆ. ಶಾಲೆ ನಡೆಸೋಕೆ ಇಂಥ ದಾರಿ ಇನ್ನೆಲ್ಲಿ ನೋಡಿದ್ದೀರಿ?

ಈಗ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸೋ ಕ್ಲಾಸುಗಳು ಕೊಪ್ಪಳದಲ್ಲೂ ಬೇಕಾದಷ್ಟಿವೆ. ತಪ್ಪಲ್ಲ, ನನ್ನ ಮೊಮ್ಮಗಳೂ ಹೋಗ್ತಾಳೆ. ಸರ್ಟಿಫಿಕೇಟ್ ಬಂದಿದೆ, ಯಮನ್ ರಾಗದ ಆರೋಹ ಅವರೋಹ ಕಾಗದದಲ್ಲಿ ಚಂದ ಬರೀತಾಳೆ, ಹಾಡು ಅಂದರೆ ಮೊಬೈಲ್ ಹುಡುಕ್ತಾಳೆ. ಅವಳು ಓದಿದ ಶಾಲೆಯಲ್ಲಿ ಸಂಗೀತ ಮಾಸ್ತರು ನಿವೃತ್ತರಾಗಿ ವರ್ಷಗಳಾದವು, ಬದಲಿಗೆ ಯಾರೂ ಬಂದಿಲ್ಲ. ಹಾರ್ಮೋನಿಯಂ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಒಂದು ಕೋರಿಕೆ. ಆಶ್ರಮದಲ್ಲಿ ಕಲಿತ ಹಳೆಯ ಗವಾಯಿಗಳು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ, ನಮ್ಮ ಮಾಸ್ತರೂ ಹೋದರು. ಮುಂದಿನ ಶ್ರಾವಣಕ್ಕೆ ನಿಮ್ಮ ವರದಿಗಾರರೊಬ್ಬರನ್ನು ಈ ಕಡೆ ಕಳಿಸಿ. ಯಲಬುರ್ಗಾ, ಕುಷ್ಟಗಿ, ಸಿಂಧನೂರು, ಯಾವ ಊರಾದರೂ ಸರಿ. ಪುರಾಣ ಮುಗಿದ ಮೇಲೆ ಗವಾಯಿ ಹಾರ್ಮೋನಿಯಂ ಮುಚ್ಚುವ ಹೊತ್ತಿಗೆ ಹತ್ತಿರ ಹೋಗಿ, ಸಾ ಹಿಡಿಯೋದು ನಿಮಗೆ ಯಾರು ಹೇಗೆ ಕಲಿಸಿದರು ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಆದರೆ ಪ್ರಸಾದ ಆದಮೇಲೆ ಕೇಳಿ. ಎರಡು ತಾಸು ಹಾಡಿದವರಿಗೆ ಹಸಿವಾಗಿರುತ್ತೆ.

ನಿಮ್ಮ ಓದುಗ,
ಕುಕನೂರು ಕಡೆಯ ಅಂಗಡಿಯವ, ಕೊಪ್ಪಳ ಜಿಲ್ಲೆ