ಜಾಣತನವೇ ಸೃಜನಶೀಲತೆಯಲ್ಲ

ಮಾನ್ಯ ಸಂಪಾದಕರೇ,

ಪ್ರತಿಭಾ ಕಾರಂಜಿಯ ದಿನಗಳು ಹತ್ತಿರ ಬಂದಾಗಲೆಲ್ಲ ಧಾರವಾಡದ ಜಾಣ ಮಕ್ಕಳ ಮನೆಗಳಲ್ಲಿ ದೊಡ್ಡ ತಯಾರಿ ನಡೆಯುತ್ತದೆ. ಆಶುಭಾಷಣಕ್ಕೆ ಬರಬಹುದಾದ ವಿಷಯಗಳನ್ನು ಮೊದಲೇ ಊಹಿಸಿ, ಒಂದೊಂದಕ್ಕೂ ಭಾಷಣ ಬರೆಸಿ, ಅದನ್ನು ಮಗುವಿನಿಂದ ಬಾಯಿಪಾಠ ಮಾಡಿಸುವ ಪಾಲಕರನ್ನು ನಾನು ಗಣಿತ ಶಿಕ್ಷಕನಾಗಿದ್ದ ಕಾಲದಿಂದಲೂ ನೋಡುತ್ತ ಬಂದಿದ್ದೇನೆ. (ಕಂಠಪಾಠಕ್ಕೆ ಅದೇ ಕಾರಂಜಿಯಲ್ಲಿ ಬೇರೆ ಸ್ಪರ್ಧೆಯಿದೆ ಎಂದು ನೆನಪಿಸಿದರೆ ಸಿಟ್ಟಾಗುತ್ತಾರೆ.) ಇವರಿಗೆ ಮಕ್ಕಳ ಮೇಲೆ ಕಾಳಜಿಯಿಲ್ಲವೆಂದು ಯಾರೂ ಹೇಳಲಾರರು, ಶಾಲೆ ಬಿಟ್ಟೊಡನೆ ಅಬ್ಯಾಕಸ್, ಚಿತ್ರಕಲೆ, ಕೀಬೋರ್ಡ್ ಕ್ಲಾಸುಗಳಿಗೆ ಸ್ಕೂಟರಿನಲ್ಲಿ ಕರೆದೊಯ್ದು, ಮುಗಿಯುವವರೆಗೆ ಹೊರಗೆ ಕಾದು ನಿಲ್ಲುವವರು ಇವರೇ. ಆದರೆ ಸೃಜನಶೀಲತೆಯೆಂದರೆ ವೇದಿಕೆಯ ಮೇಲೆ ತೋರಿಸಬಹುದಾದ, ತೀರ್ಪುಗಾರರು ಅಂಕ ಹಾಕಬಹುದಾದ, ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಬಹುದಾದ ವಸ್ತು ಎಂದು ಅವರು ನಂಬಿದಂತಿದೆ. ಮಗು ನಿಜಕ್ಕೂ ತನ್ನದೇ ಬುದ್ಧಿಯಿಂದ ಏನನ್ನೋ ಹುಡುಕುತ್ತಿರುವಾಗ ಅದು ಅವರಿಗೆ ಮೊಂಡುತನವಾಗಿಯೋ ಹೊತ್ತುಗಳೆಯುವ ಆಟವಾಗಿಯೋ ಕಾಣುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಹುಣಸೆಬೀಜಗಳನ್ನು ಡೆಸ್ಕಿನ ಮೇಲೆ ಹರಡಿಕೊಂಡು ಕೂತಿದ್ದಳು. ಮೊದಲು ಒಂದು ಬೀಜ, ಅದರ ಎರಡು ಮಗ್ಗುಲನ್ನು ಸುತ್ತಿ ಮೂರು, ಅವುಗಳ ಹೊರಗೆ ಐದು, ಮತ್ತೆ ಏಳು. ಬೆಸಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿಸುತ್ತ ಹೋದರೆ ಪ್ರತಿ ಸಲವೂ ಚೌಕವೇ ಆಗುತ್ತದೆ, ಎಲ್ಲಿಯಾದರೂ ಇದು ತಪ್ಪುತ್ತದೆಯೇ ಎಂಬುದು ಅವಳ ಪ್ರಶ್ನೆ. ಸಮಸಂಖ್ಯೆಗಳನ್ನು ಹಾಗೆಯೇ ಜೋಡಿಸಿ ನೋಡೆಂದೆ. ಎರಡು, ನಾಲ್ಕು, ಆರು ಸೇರಿ ಹನ್ನೆರಡಾದಾಗ ಚೌಕದ ಬದಲು ಮೂರು ಸಾಲು, ಸಾಲಿಗೆ ನಾಲ್ಕು ಬೀಜಗಳ ಆಯತ ಬಂದಿತು. ಅದು ಏಕೆ ಚೌಕವಾಗಲಿಲ್ಲ ಎಂಬುದನ್ನು ಅವಳು ಮಧ್ಯಾಹ್ನದ ಬಿಡುವಿನಲ್ಲಿ ಊಟ ಬಿಟ್ಟು ಯೋಚಿಸಿದಳು. ಪಾಲಕರ ಸಭೆಯಲ್ಲಿ ಅವಳ ತಂದೆಗೆ ಇದನ್ನು ಸಂತೋಷದಿಂದ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಅದೆಲ್ಲಾ ಖರೇ ಸರ್, ಆದ್ರ ಇದು ಪರೀಕ್ಷಾದಾಗ ಬರತದೇನ್ರಿ?” ಅದೇ ಉಸಿರಿನಲ್ಲಿ, “ನಮ್ಮ ಮಗಳು ಭಾಳ ಕ್ರಿಯೇಟಿವ್ ಅದಾಳ್ರಿ” ಎಂದು ಮೊಬೈಲಿನಲ್ಲಿ ಅವಳಿಗೆ ಬಹುಮಾನ ತಂದಿದ್ದ ಚಿತ್ರವೊಂದನ್ನು ತೋರಿಸಿದರು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು. ಹುಣಸೆಬೀಜದ ಆ ಸಂಗತಿ ಪೈಥಾಗೊರಸನ ಅನುಯಾಯಿಗಳಿಗೂ ತಿಳಿದಿತ್ತು, ಒಪ್ಪುತ್ತೇನೆ. ಜಗತ್ತಿಗೆ ಹಳತಾದದ್ದು ಕಂಡುಕೊಂಡ ಮಗುವಿಗೆ ಹೊಸತೇ ಆಗಿರುತ್ತದೆ, ಮತ್ತು ಶಾಲೆಯ ವಯಸ್ಸಿನಲ್ಲಿ ಸೃಜನಶೀಲತೆ ಬಹುಮಟ್ಟಿಗೆ ಈ ರೂಪದಲ್ಲಿಯೇ ಇರುತ್ತದೆ.

ಬುದ್ಧಿಮತ್ತೆಯ ಅಂಕ ಹೆಚ್ಚಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆಂಬ ಭರವಸೆಯೂ ಹಳೆಯದು. ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಅಂಕಗಳ ಆಧಾರದ ಮೇಲೆ ಸುಮಾರು 1,500 ಮಕ್ಕಳನ್ನು ಆರಿಸಿ ಅವರ ಬದುಕನ್ನು ದಶಕಗಳ ಕಾಲ ಗಮನಿಸುವ ಅಧ್ಯಯನ ಆರಂಭಿಸಿದರು. ಅವರಲ್ಲಿ ಅನೇಕರು ಒಳ್ಳೆಯ ಹುದ್ದೆಗಳಿಗೇರಿದರು, ಆದರೆ ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಯಲ್ಲಿ ಸಾಕಷ್ಟು ಅಂಕ ಬಾರದೆ ಹೊರಗುಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್ ಮುಂದೆ 1956ರಲ್ಲಿ ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. 1978ರಲ್ಲಿ ಜೋಸೆಫ್ ರೆಂಜುಲಿ ಎಂಬ ಶಿಕ್ಷಣತಜ್ಞರು ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವ ನಿಷ್ಠೆ, ಸೃಜನಶೀಲತೆ ಈ ಮೂರೂ ಕೂಡುವಲ್ಲಿ ಪ್ರತಿಭೆ ಇರುತ್ತದೆಂದು ಹೇಳಿದ್ದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಗೋಡೆಯ ಮೇಲಿನ ಪ್ರಶಸ್ತಿಪತ್ರಗಳ ವಿಷಯವನ್ನು ಪಾಲಕರು ಇನ್ನಷ್ಟು ಗಂಭೀರವಾಗಿ ಯೋಚಿಸಬೇಕು. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಸಂಶೋಧಕರು, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ರಿಬ್ಬನ್ನು ಕಟ್ಟಿದ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿದರು, ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು, ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಮುಂದೆ ಬಿಡುವಿನ ಹೊತ್ತಿನಲ್ಲಿ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಗಮನಿಸಿದಾಗ, ಬಹುಮಾನದ ಆಸೆ ಹಚ್ಚಿಸಿಕೊಂಡಿದ್ದ ಗುಂಪು ಮಾತ್ರ ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಬಣ್ಣದ ಪೆನ್ನು ಹಿಡಿಯಿತು. ಮೆಚ್ಚುಗೆಯಿಂದ ಕೇಡಿಲ್ಲ, ಮೆಚ್ಚುಗೆಗಾಗಿಯೇ ಮಾಡಿಸುವುದರಿಂದ ಕೇಡಿದೆ.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಬಗೆಯ ತಂದೆಯ ಉದಾಹರಣೆಯಿದೆ. ಗದುಗಿನ ಜೋಶಿ ಮಾಸ್ತರರ ಮಗ, ಮುಂದೆ ಹಿಂದುಸ್ತಾನಿ ಗಾಯಕನೆಂದು ಹೆಸರಾದ ಭೀಮಸೇನ, ಭಜನೆ, ಮೆರವಣಿಗೆಗಳ ಹಿಂದೆ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದ. ಹುಡುಕಿ ಸುಸ್ತಾದ ತಂದೆ ಕೊನೆಗೆ ಹುಡುಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ. ಕಂಡವರು ಮನೆಗೆ ತಂದು ಮುಟ್ಟಿಸುತ್ತಿದ್ದರು. 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟ ಮಗನನ್ನು ಜಲಂಧರದಿಂದ ಮರಳಿ ಕರೆತಂದದ್ದೂ ಈ ತಂದೆಯೇ, ಮತ್ತು ಆ ಹುಡುಗ ಆಮೇಲೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ. ಮನೆಬಿಟ್ಟು ಓಡುವ ಮಕ್ಕಳನ್ನು ಹುರಿದುಂಬಿಸಿರೆಂದು ನಾನು ಬರೆಯುತ್ತಿಲ್ಲ. ಅಲೆದಾಟವನ್ನು ನಿಲ್ಲಿಸಲಾಗದೆಂದು ಅರಿತು, ಮಗ ಮರಳಿ ಬರುವ ದಾರಿಯನ್ನಷ್ಟೇ ಭದ್ರ ಮಾಡಿದ ಆ ಮಾಸ್ತರರ ಉಪಾಯ ನನಗೆ ಮೆಚ್ಚುಗೆಯಾಗಿದೆ.

ಪಾಲಕರ ಭಯವೂ ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯ ಒಂದೆರಡು ಅಂಕ ಕಾಲೇಜಿನ ಸೀಟನ್ನು ತಪ್ಪಿಸಬಲ್ಲ ವ್ಯವಸ್ಥೆಯಲ್ಲಿ ಹುಣಸೆಬೀಜಕ್ಕೆ ಹೊತ್ತು ಕೊಡಿ ಎನ್ನುವುದು ನಿವೃತ್ತನಾದವನಿಗೆ ಸುಲಭ. ಆದ್ದರಿಂದ ಶಾಲೆಗಳು ಮತ್ತು ಶಿಕ್ಷಣ ಇಲಾಖೆ ಒಂದು ಸಣ್ಣ ಬದಲಾವಣೆ ಮಾಡಲಿ. ವಿಜ್ಞಾನ ಪ್ರದರ್ಶನಗಳಲ್ಲಿ, ಇನ್‌ಸ್ಪೈರ್ ಮಾನಕ್ ಸ್ಪರ್ಧೆಗೆ ಮಕ್ಕಳ ಆಲೋಚನೆಗಳನ್ನು ಆರಿಸುವಾಗ, ಥರ್ಮಾಕೋಲಿನ ಮಾದರಿಯ ಪಕ್ಕದಲ್ಲಿ ಮಗುವಿನ ಕಚ್ಚಾ ನೋಟ್‌ಬುಕ್ಕನ್ನೂ ಇಡಬೇಕೆಂಬ ನಿಯಮವಿರಲಿ. ಹೊಡೆದುಹಾಕಿದ ಗೆರೆಗಳು, ಕೆಟ್ಟುಹೋದ ಪ್ರಯತ್ನಗಳು ಅದರಲ್ಲಿರಲಿ. ಮಾದರಿಯನ್ನು ಅಪ್ಪ ಅಂಗಡಿಯಿಂದ ತರಬಹುದು, ಆ ನೋಟ್‌ಬುಕ್ಕನ್ನು ತರಲಾರ. ತಮ್ಮ ಪತ್ರಿಕೆಯೂ ಮಕ್ಕಳ ಪುಟದಲ್ಲಿ ಟ್ರೋಫಿ ಹಿಡಿದವರ ಚಿತ್ರಗಳ ಜೊತೆಗೆ ಇಂಥ ಒಂದು ಕಚ್ಚಾ ಪುಟವನ್ನು ವಾರಕ್ಕೊಮ್ಮೆ ಅಚ್ಚುಮಾಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕ
ಮಾಳಮಡ್ಡಿ, ಧಾರವಾಡ